ಬೆಳಗಿನ ಆರರ ಆಟ

ಗೋಣಿಕೊಪ್ಪದ ಬೈಪಾಸಿನಲ್ಲಿ ಮೊಯ್ದುವಿನ ಬೇಕರಿ
ಐದೂವರೆಗೆ ಅರ್ಧ ಶಟರ್ ಎತ್ತುತ್ತಿತ್ತು.
ಪೂರ್ತಿ ಎತ್ತಿದರೆ ಹಾಲಿನ ಗಿರಾಕಿಗಳು ನುಗ್ಗುತ್ತಾರೆಂದು
ನಾವು ಬಗ್ಗಿಯೇ ಒಳಹೋಗಬೇಕು.
ಆರಡಿ ಮೂರಂಗುಲದ ಉತ್ತಯ್ಯನಂತೂ
ಹೆಚ್ಚುಕಡಿಮೆ ನಮಾಜಿಗೆ ಬಾಗಿದ ಹಾಗೆ.
ಒಳಗೆ ಒಬ್ಬಳೇ ಹೆಂಗಸು ನಾನು,
ಅಂಚೆ ಇಲಾಖೆಯ ತಂಡದ ಹಳೇ ಪಾಯಿಂಟ್ ಗಾರ್ಡ್,
ಎಡಮಂಡಿಯಲ್ಲಿ ಸ್ಟೀಲು.

ಅಮೆರಿಕದ ರಾತ್ರಿ ನಮಗೆ ಮುಂಜಾವು.
ಬನ್ನಿನ ಟ್ರೇ ಓವನ್ನಿನಿಂದ ಈಚೆ ಬರುವ ಹೊತ್ತಿಗೆ
ಮೂರನೆಯ ಕ್ವಾರ್ಟರ್.
ಮೈಸೂರು ಬಸ್ಸು ಹಾರ್ನ್ ಹಾಕಿದರೂ
ಕಂಡಕ್ಟರ್ ಬೆಳ್ಯಪ್ಪ ಕದಲುತ್ತಿರಲಿಲ್ಲ.
‘ಒಂದೇ ಟೈಮ್‌ಔಟ್, ಬಂದೆ’ ಎನ್ನುತ್ತಿದ್ದ,
ಬಸ್ಸಿನ ತುಂಬ ಬೈಗುಳ.

ಮನೆತನಕ್ಕೊಂದು ಹಾಕಿ ತಂಡವಿರುವ ಸೀಮೆಯಿದು.
ಬ್ಯಾಸ್ಕೆಟ್‌ಬಾಲಿಗೆ ಇಲ್ಲಿ ಐನ್‌ಮನೆಯಿಲ್ಲ, ಹೆಸರಿಲ್ಲ.
ಆ ಅರ್ಧ ಶಟರಿನಡಿ ಬಗ್ಗಿದವರೆಲ್ಲ ಒಂದೇ ಒಕ್ಕ.

ಒಂದು ಜೂನ್, ಫೈನಲ್ಸ್. ಕೊನೆಯ ಎರಡು ನಿಮಿಷ.
ಬಾಳೆಲೆ ಕಡೆ ಎಲ್ಲೋ ಮರ ಬಿದ್ದು
ಕೇಬಲ್ಲೂ ಹೋಯಿತು, ಕರೆಂಟೂ ಹೋಯಿತು.
ಮೂರು ದಿನ ಪೇಪರ್ ಬರಲಿಲ್ಲ.
ಮೂರು ದಿನ ಎರಡೂ ತಂಡ ಗೆದ್ದೇ ಇದ್ದವು.

ಮೊದಲು ಬಿಟ್ಟವನು ಉತ್ತಯ್ಯ.
‘ಎಲ್ಲರೂ ದೂರದಿಂದಲೇ ಎಸೀತಾರೆ,
ರಿಂಗಿನಡಿ ಇನ್ನು ಹುಲ್ಲು ಬೆಳೆಸಿ ದನ ಕಟ್ಟಬಹುದು.’
ಬೆಳ್ಯಪ್ಪನ ತಕರಾರು ಬೇರೆ:
‘ಜ್ವರವಿಲ್ಲ, ನೋವಿಲ್ಲ, ವಿಶ್ರಾಂತಿಯಂತೆ!
ನಾನು ಡ್ಯೂಟಿ ತಪ್ಪಿಸಿ ನೋಡಲು ಬಂದರೆ
ಅವನೇ ರಜೆ ಹಾಕಿ ಕೋಟು ತೊಟ್ಟು ಕೂತಿದ್ದಾನೆ.’
ಎಲ್ಲರೂ ನಕ್ಕರು.
ನಾನು ಮಂಡಿ ಸವರಿಕೊಂಡೆ.
ನನಗೂ ಯಾರಾದರೂ ಒಂದು ಸಂಜೆ
ಕೋಟು ತೊಡಿಸಿ ಕೂರಿಸಿದ್ದರೆ.

ಆಮೇಲೆ ಆಟ ಚಾನೆಲ್ಲಿನಿಂದ ಆ್ಯಪಿಗೆ ಹೋಯಿತು.
‘ಪಫ್ಸ್ ಮಾರಿ ಎಷ್ಟೂಂತ ಚಂದಾ ಕಟ್ಟಲಿ ದೇಚಮ್ಮಕ್ಕ?’
ಮೊಯ್ದು ಕೇಳಿದ್ದು ತಪ್ಪಲ್ಲ.
ಹನ್ನೊಂದು ಜನ ಏಳಾದೆವು, ನಾಲ್ಕಾದೆವು,
ಒಂದು ಮಂಗಳವಾರ ನಾನೂ ಏಳಲಿಲ್ಲ.

ಅಲ್ಲಿ ನೋಡುವವರು ಕಡಿಮೆಯಾಗುತ್ತಿದ್ದಾರಂತೆ,
ಯಾರೋ ಕೂತು ತಲೆ ಎಣಿಸುತ್ತಾರಂತೆ.
ಹನ್ನೊಂದು ಜನ ಉಸಿರು ಬಿಗಿಹಿಡಿದಾಗಲೂ
ನಾವು ಆ ಲೆಕ್ಕದಲ್ಲಿ ಸೊನ್ನೆಯೇ.
ಸೊನ್ನೆಯಲ್ಲಿ ಹನ್ನೊಂದು ಕಳೆದರೆ ಏನುಳಿಯುತ್ತದೆ,
ಎಣಿಸುವವರು ಹೇಳಲಿ.

ಮೊಯ್ದುವಿನ ಮೊಮ್ಮಗ ಶಮ್ಮಾಸನಿಗೆ ಎಲ್ಲ ಗೊತ್ತು:
ಯಾರ ಸಂಬಳ ಎಷ್ಟು, ಯಾರ ಶೂ ಯಾವುದು,
ಯಾರು ಯಾವ ತಂಡಕ್ಕೆ ಯಾಕೆ ಹೋದ.
ಒಂದು ಪಂದ್ಯ ಪೂರ್ತಿ ನೋಡಿದವನಲ್ಲ.
‘ಆಂಟಿ, ಈ ಒಂಬತ್ತು ಸೆಕೆಂಡ್ ನೋಡಿ, ಸಾಕು.’
ನೋಡಿದೆ. ಚೆಂಡು ಬಿತ್ತು, ಚಂದವಾಗಿಯೇ ಬಿತ್ತು.
ಅದಕ್ಕೆ ಮೊದಲಿನ ಪಾಸು ಯಾರದಪ್ಪಾ? ಕೇಳಿದೆ.
ಅವನು ಬೆರಳಲ್ಲಿ ಹಿಂದಕ್ಕೆಳೆದ, ಮತ್ತೆ ಎಳೆದ.
ಅಲ್ಲಿಂದ ಹಿಂದಕ್ಕೆ ಆಟವೇ ಇರಲಿಲ್ಲ.

ಬೇಕರಿಯ ಆ ಟಿ.ವಿ. ಈಗಲೂ ಗೋಡೆಯ ಮೇಲಿದೆ,
ಸಿಸಿ ಕ್ಯಾಮೆರಾಕ್ಕೆ ಜೋಡಿಸಿದ್ದಾರೆ.
ನಾಲ್ಕು ಚೌಕ: ಗಲ್ಲಾ, ಓವನ್ನು, ಬಾಗಿಲು, ಹಿಂದಿನ ಓಣಿ.
ನಿನ್ನೆ ಬ್ರೆಡ್ಡಿಗೆ ಕಾಯುತ್ತ ಸುಮ್ಮನೆ ಅದನ್ನೇ ನೋಡುತ್ತಿದ್ದೆ,
ಸ್ಕೋರಿಲ್ಲ, ಗಡಿಯಾರವಿಲ್ಲ.
ನಾಲ್ಕನೆಯ ಚೌಕದಲ್ಲಿ ಶಮ್ಮಾಸ್ ಬಂದ,
ಪಫ್ಸ್ ಸುತ್ತಿದ ಎಣ್ಣೆಕಾಗದ ಉಂಡೆ ಮಾಡಿ
ಸುತ್ತ ನೋಡಿದ, ಯಾರೂ ಇಲ್ಲ.
ಎರಡು ಹೆಜ್ಜೆ ಹಿಂದೆ ಸರಿದು ಡ್ರಮ್ಮಿಗೆ ಎಸೆದ.
ತಾಗಿ ಹೊರಗೆ ಬಿತ್ತು.

ಆದರೂ ಕೈ ಇಳಿಸಲಿಲ್ಲ ಹುಡುಗ.
ಮಣಿಕಟ್ಟು ಬಾಗಿದ್ದು ಬಾಗಿದಂತೆಯೇ
ಗಾಳಿಯಲ್ಲಿ ಹಿಡಿದು ನಿಂತಿದ್ದ.

ಯಾರು ಕಲಿಸಿದರು ಅದನ್ನು?

ಹಿಂದಿನಿಂದ ಯಾರೋ ಕೇಳಿದರು, ‘ಬ್ರೆಡ್ಡು ತಗೊಂಡಾಯ್ತಾ ಅಮ್ಮಾ?’
ಸ್ವಲ್ಪ ತಡೀರಿ, ಅಂದೆ.
ನೋಡ್ತಾ ಇದೀನಿ.