ಹುರಿದಕ್ಕಿಯ ಡಬ್ಬ

ಎಂಟು ಕ್ಯಾಮರಾ, ಎಂಟು ಮರ.
ಆರು ಮತ್ತಿ, ಒಂದು ತಡಸಲು,
ಇನ್ನೊಂದರ ಹೆಸರು ನಿಮ್ಮ ಮಾತಿನಲ್ಲಿಲ್ಲ.

ಕಾರ್ಡು ಹೆಬ್ಬೆರಳ ಉಗುರಿನಷ್ಟು.
ಆಟಿ ತಿಂಗಳ ತೇವಕ್ಕೆ ಕೆಡುತ್ತದೆಂದು
ಹುರಿದಕ್ಕಿಯ ಡಬ್ಬದಲ್ಲಿ ಹೂತಿಡುತ್ತೇನೆ.
ಮೊನ್ನೆ ಮಗ ಹಸಿದು ಬಂದವನೇ
ಮುಷ್ಟಿ ತುಂಬಿಕೊಂಡ. ಓಡಿ ಕೈ ಹಿಡಿದೆ,
ಇಲ್ಲದಿದ್ದರೆ ಒಂದು ತಿಂಗಳ ಕಾಡು
ಅವನ ಹೊಟ್ಟೆ ಸೇರುತ್ತಿತ್ತು.

ನಾನು ಕೆಂಚಿ. ಚಿಕ್ಕಬೋಳನ ಮಗಳು.
ಅಪ್ಪ ಹನ್ನೊಂದು ವರ್ಷ
ಹುಲಿ ಎಣಿಸುವವರ ಮುಂದೆ ನಡೆದವನು.
ಹೆಜ್ಜೆ ತೋರಿಸಿದ, ಲದ್ದಿ ಮುಟ್ಟಿ ಹೊತ್ತು ಹೇಳಿದ,
ಒಂಟಿ ಸಲಗ ಅಟ್ಟಿಸಿಕೊಂಡು ಬಂದಾಗ
ಬೂಟುಗಾಲಿನವರನ್ನು ಹೆಗಲು ಕೊಟ್ಟು ಮರ ಹತ್ತಿಸಿದ.
ಪುಸ್ತಕ ಅಚ್ಚಾಗಿ ಬಂತು. ತಿತಿಮತಿಯ ಮೇಷ್ಟರು
ಎಂಜಲು ಹಚ್ಚಿ ಹಚ್ಚಿ ಹಾಳೆ ಮಗುಚಿ
ಕೊನೆಗೂ ಹುಡುಕಿದರು, ನೂರಾ ಆರನೇ ಪುಟದಡಿ,
ಇರುವೆಯಂಥ ಅಕ್ಷರ: ‘ಸ್ಥಳೀಯ ಸಹಾಯಕ’.
ಅಪ್ಪ ಅದರ ಮೇಲೆ ಬೆರಳಿಟ್ಟು ಕೇಳಿದ,
‘ಇದು ನಾನಾ?’

ಹಾಡಿಯಲ್ಲಿ ಕೂತು ಮಾತಾಡಿದ್ದು ಆಮೇಲೆ.
ಮೊದಲು ಲಂಟಾನ. ಬೇರಿನ ಗಂಟು ಕಡಿದು
ತಲೆಕೆಳಗು ಮಾಡಿ ನಿಲ್ಲಿಸಬೇಕು,
ನೆಲ ಮುಟ್ಟಿದರೆ ಮತ್ತೆ ಬದುಕಿಕೊಳ್ಳುತ್ತದೆ ಮುಂಡೇದು.
ಹುಲ್ಲು ಬಂದರೆ ಜಿಂಕೆ, ಜಿಂಕೆ ಬಂದರೆ
ಅದರ ಹಿಂದೆ ಬರುವವನು.
ಕತ್ತಲಾದ ಮೇಲೆ ಅವನ ಹೆಸರೆತ್ತುವುದಿಲ್ಲ ನಾವು.

ಕ್ಯಾಮರಾ ಕೊಂಡದ್ದು ಜೇನಿನ ದುಡ್ಡಲ್ಲಿ, ಹಳೇ ಮಾಲು.
ಪಿಯುಸಿ ಫೇಲಾದ ಮುದ್ದ
ಲ್ಯಾಪ್‌ಟಾಪಿನಲ್ಲಿ ನಾಲ್ಕು ಗೂಡು ಕಟ್ಟಿದ:
ಎಲ್ಲರಿಗೂ. ಹಾಡಿಗೆ. ಹೆಂಗಸರಿಗೆ.
ಯಾರಿಗೂ ಇಲ್ಲ.

ಮೊದಲ ವರ್ಷ ಸಾವಿರದ ನಾನೂರು ಚಿತ್ರ,
ಎಲ್ಲ ಗಾಳಿಗೆ ಅಲ್ಲಾಡಿದ ಎಲೆ.
ಮುದ್ದ ಒಂದೊಂದನ್ನೂ ನೋಡಿದ, ಪಾಪ.
ಎರಡನೇ ವರ್ಷ ಒಂದು ಕಡವೆಯ ಕಿವಿ.
ಮೂರನೆಯದರಲ್ಲಿ ಕಾಟಿ, ಪಕ್ಕದಲ್ಲಿ
ಇನ್ನೂ ಕಾಲು ನೆಟ್ಟಗಾಗದ ಕರು.
ಲೈನುಮನೆಗಳಿಂದ ಕಾಫಿ ಕುಯ್ಯುವ ಹೆಂಗಸರೆಲ್ಲ
ಅವತ್ತು ನಮ್ಮ ಜಗಲಿಗೆ ಬಂದು
ಸ್ವಂತ ಮೊಮ್ಮಗುವನ್ನು ಕಂಡ ಹಾಗೆ
ಪರದೆಗೆ ದೃಷ್ಟಿ ತೆಗೆದರು.

ಸಂಸ್ಥೆಯವರು ಬಂದದ್ದು ಜೀಪಿನಲ್ಲಿ.
ಒಳ್ಳೆಯವರು. ಚಾ ಕುಡಿದರು, ನೆಲದಲ್ಲೇ ಕೂತರು.
ಡೇಟಾ ಎಲ್ಲ ಕೊಟ್ಟರೆ ಶಾಲೆಗೆ ಐದು ಟ್ಯಾಬು,
ಇಲ್ಲಿ ಸಹಿ.
ಜಿಂಕೆಯ ಲೆಕ್ಕ ಕೊಟ್ಟೆವು. ಹುಲ್ಲಿನ ಲೆಕ್ಕ ಕೊಟ್ಟೆವು.
‘ಹೆಜ್ಜೇನಿನ ಮರಗಳು? ದೇವರ ಜಾಗ?’
‘ಅದಿಲ್ಲ.’
‘ಹಾಗಾದರೆ ನಕ್ಷೆಯಲ್ಲಿ ತೂತು ಉಳಿಯುತ್ತದಲ್ಲ ಅಮ್ಮ.’
ಎಲೆಯಡಿಕೆ ಉಗಿದು ಬಂದು ಮಾದಜ್ಜಿ ಅಂದಳು,
‘ಉಳೀಲಿ. ಜೇನು ಹೋಗಿ ಬರೋದು ಎಲ್ಲಿಂದ ಮತ್ತೆ?’

ಈಗ ಐದನೇ ಕ್ಯಾಮರಾದ ಮಾತು.
ಇದನ್ನು ಹಾಡಿಗೂ ಹೇಳಿಲ್ಲ.
ರಾತ್ರಿ ಎರಡು ಹದಿಮೂರಕ್ಕೆ ಒಬ್ಬ ಮನುಷ್ಯ.
ಬರಿಗಾಲು, ಕೈಯಲ್ಲಿ ಬಾಳೆಎಲೆಯ ಪೊಟ್ಟಣ,
ನಮ್ಮನ್ನು ಎಬ್ಬಿಸಿ ಕಳಿಸಿದ ಹಳೇ ಹಾಡಿಯ ದಾರಿಯಲ್ಲಿ.
ಅಲ್ಲಿ ಅಮ್ಮನನ್ನು ಮಣ್ಣು ಮಾಡಿದ್ದು.
ಗಾರ್ಡು ಕಂಡರೆ ಕೇಸು, ಆ ಚಿತ್ರವೇ ಸಾಕ್ಷಿ.

ಒಬ್ಬರೇ ಬಚ್ಚಿಡಬಾರದು ಎಂದು
ನಿಯಮ ಬರೆಸಿದವಳು ನಾನು.
ಮೂರು ದಿನ ಅಕ್ಕಿಯಲ್ಲಿಟ್ಟೆ.
ನಾಲ್ಕನೇ ದಿನ ಒಲೆಯ ಮುಂದೆ
ಅಪ್ಪನಿಗೆ ತೋರಿಸಿದೆ.

ಕನ್ನಡಕ ಇಲ್ಲದ ಕಣ್ಣು ಕಿರಿದು ಮಾಡಿ
ತುಂಬಾ ಹೊತ್ತು ನೋಡಿದ.
‘ಇದು ನಾನಾ?’
‘ಹೂಂ. ಹೆಸರು ಬರೀಲಾ?’
‘ಬ್ಯಾಡ.’

ಮರುದಿನ ಇಬ್ಬರೂ ಹೋಗಿ
ಐದನೆಯದನ್ನು ಬಿಚ್ಚಿ
ನಾಲ್ಕು ಮಾರು ಆಚೆ, ಹಳ್ಳದ ಕಡೆ ಮುಖ ಮಾಡಿ ಕಟ್ಟಿದೆವು.
ಅಲ್ಲಿ ಈಗ ಬರೀ ನೀರುನಾಯಿ.
ಮುದ್ದ ಕೇಳುತ್ತಾನೆ, ಯಾಕಕ್ಕ ಬದಲಾಯಿಸಿದೆ ಅಂತ.
ಹೇಳಬೇಕು. ಹುಣ್ಣಿಮೆಯ ಸಭೆಗೆ
ಇನ್ನೂ ಆರು ದಿನ ಇದೆ.