ಅಂದಾಜು

ಸಂಘದಲ್ಲಿ ಯಾರಾದರೂ ತೀರಿಕೊಂಡರೆ
ಬೆಲೆ ಕಟ್ಟಲು ಕರೆಯುವುದು ನನ್ನನ್ನೇ.
ಇದು ಹನ್ನೊಂದನೆಯದು.
ಬ್ಯಾರೋ ಪಟ್ಟಣದ ತುದಿಯಲ್ಲಿ,
ಹಡಗು ಕಟ್ಟುವ ಕ್ರೇನುಗಳ ಬೆನ್ನಿಗೆ,
ಗಾಳಿ ಉಪ್ಪು ಹೊತ್ತು ತಂದು ಕದಕ್ಕೆ ಸವರುವಲ್ಲಿ
ಆಲ್ಬನ್ ರಿಗ್‌ನ ಷೆಡ್ಡು: ಹನ್ನೆರಡಡಿಗೆ ಎಂಟು.

ಮೂವತ್ತೆಂಟು ವರ್ಷ ಅಂಚೆ ಹಂಚಿದವನು.
ಬೀದಿಗೆ ಗೊತ್ತಿದ್ದದ್ದು ಅವನ ಸೈಕಲ್ಲಿನ ಬ್ರೇಕು ಮಾತ್ರ.
ಸಂಜೆ ಆರಕ್ಕೆ ಇಲ್ಲಿ ದೀಪ ಹತ್ತುತ್ತಿತ್ತು,
ಲೇತು ತನ್ನಷ್ಟಕ್ಕೆ ಗುನುಗುತ್ತಿತ್ತು.
ಉಕ್ಕು ಸುರುಳಿಯಾಗಿ, ಹಿತ್ತಾಳೆ ನುಚ್ಚಾಗಿ
ಅವನ ಪಾದಗಳ ಸುತ್ತ ಉದುರುತ್ತಿತ್ತು.
ಆ ನುಚ್ಚು ಈಗಲೂ ಸಿಗುತ್ತದಂತೆ ಹೆಸ್ಟರಳಿಗೆ,
ಅಡುಗೆಮನೆಯಲ್ಲಿ ಬರಿಗಾಲಿಗೆ ಚುಚ್ಚಿ.
"ಬಯ್ಯೋಣವೆಂದರೆ ಬಾಗಿಲಲ್ಲಿ ಬೂಟಿಲ್ಲ"
ಅಂದಳು, ಚಹಾ ಇಟ್ಟು, ಒಳಗೆ ಬರದೆ.

ಬರೆದುಕೊಳ್ಳುತ್ತೇನೆ.
ಲೇತು ಒಂದು. ಹಾಸು ಸವೆದಿದೆ,
ಎಡಗಡೆ, ಬರೀ ನಾಲ್ಕಿಂಚು.
ಅವನು ಬದುಕಿದ್ದು ಅಲ್ಲೇ.
ಅರಗಳು ನಲವತ್ತು; ಹಿಡಿಗಳ ಮೇಲೆ ಅಂಗೈಯ ಕಪ್ಪು.
(ಗುಜರಿಯವನು ತೂಕಕ್ಕೆ ಹಾಕುವಾಗ
ಕಪ್ಪನ್ನು ಬೇರೆ ತೂಗುವುದಿಲ್ಲ.)
ತಂಬಾಕಿನ ಡಬ್ಬಿಗಳು, ಎಣಿಸುವುದು ಬಿಟ್ಟೆ.
ಒಂದೊಂದರ ಮೇಲೂ ಚೀಟಿ:
'ಬೇಕಾಗಬಹುದು.'
'ಬೇಕಾಗಲಿಕ್ಕಿಲ್ಲ, ಆದರೂ.'
'ಏನಿದೆಂದು ಮರೆತಿದ್ದೇನೆ. ಎಸೆಯಬೇಡಿ.'
ಮೈಕ್ರೋಮೀಟರಿನ ಪೆಟ್ಟಿಗೆಯ ಒಳಮೈಗೆ:
'ಇದು ಕೂದಲೆಳೆಯಷ್ಟು ಸುಳ್ಳು ಹೇಳುತ್ತದೆ.
ಯಾವಾಗಲೂ ಅಷ್ಟೇ ಹೇಳುವುದರಿಂದ
ನಂಬಬಹುದು.'

ಗೋಣಿಯಡಿ, ಮೇಜಿನ ಕೆಳಗೆ, ಉಗಿಬಂಡಿ.
ಮೊಣಕಾಲೆತ್ತರ. ಚಕ್ರಗಳಿವೆ, ಸಿಲಿಂಡರುಗಳಿವೆ,
ಬಾಯ್ಲರ್ ಇಲ್ಲ. ಉಸಿರಿರಬೇಕಾದಲ್ಲಿ
ಹಳೆಯ ಬನಿಯನ್ನಿನ ಚಿಂದಿ ತುರುಕಿದೆ.
ನಕ್ಷೆ ಬಿಚ್ಚಿದೆ. ಮಡಿಕೆಗಳಲ್ಲಿ ಹರಿದ ಹಾಳೆ.
ಸೀಸದಕಡ್ಡಿಯ ಮಸುಕು ಕೈ, ಯಾರೋ ಗಾರ್ನೆಟ್:
'ಚಕ್ರ ಮುಗಿಯಿತು. ಕೆಮ್ಮು ಹೆಚ್ಚಿದೆ.'
ಪಕ್ಕದಲ್ಲಿ ನೀಲಿ ಶಾಯಿ:
'ಅವನ ಹೆಂಡತಿಯಿಂದ ಕೊಂಡೆ, ಒಂಬತ್ತು ಪೌಂಡು.
ಬಲಗಡೆ ಅಳತೆ ತಪ್ಪಿದ್ದಾನೆ. ತಿದ್ದಿದ್ದೇನೆ.'
ಅದರ ಕೆಳಗೆ ಆಲ್ಬನ್, ವಿಳಾಸ ಬರೆದಂಥ ದೊಡ್ಡಕ್ಷರ:
'ತಿದ್ದಿದವನೇ ತಪ್ಪು. ಗಾರ್ನೆಟ್ ಸರಿ.'

ನಕ್ಕೆ. ನಗುತ್ತಲೇ ಚೌಕಟ್ಟು ಹೊರಳಿಸಿದರೆ
ತಂತಿಯಲ್ಲಿ ಕಟ್ಟಿದ ಕಂದು ಚೀಟಿ:
'ಅಪೂರ್ಣ. ನಲವತ್ತು ಪೌಂಡು.'
ಎಂಬತ್ತೇಳನೆಯ ಇಸವಿ. ಕೈಬರಹ ನನ್ನದು.
ಆಗ ಅಕ್ಷರಕ್ಕೆ ಬಾಲ ಎಳೆಯುವ ಶೋಕಿ ಇತ್ತು ನನಗೆ.
ನೀಲಿ ಶಾಯಿಯವನ ಷೆಡ್ಡಿನಲ್ಲಿ ನಾನೇ ನಿಂತು
ಇದೇ ಬಂಡಿಗೆ ಇದೇ ಕಣ್ಣಿಂದ ಬೆಲೆ ಕಟ್ಟಿದ್ದೆ;
ಅವನ ಹೆಸರು ಏನು ಮಾಡಿದರೂ ನೆನಪಾಗಲಿಲ್ಲ.

ಹೊಸ್ತಿಲಲ್ಲಿ ಹೆಸ್ಟರ್. ಎಷ್ಟಾಗುತ್ತದೆ ಎಂದು ಕೇಳಲಿಲ್ಲ.
"ಬದುಕಿದ್ದರೆ ಮುಗಿಸುತ್ತಿದ್ದನೇ?"
ಸಂಘದವರು ಇಂಥ ಹೊತ್ತಿಗೆ ಹೇಳುವ ಮಾತೊಂದಿದೆ,
ಹತ್ತು ಸಲ ಹೇಳಿದ್ದೇನೆ. ಬಾಯಿಗೆ ಬರಲಿಲ್ಲ.
"ಇಲ್ಲ," ಅಂದೆ. "ಇನ್ನು ಇಪ್ಪತ್ತು ವರ್ಷ ಕೊಟ್ಟಿದ್ದರೂ ಇಲ್ಲ."
ಅವಳು ಮೊದಲ ಸಲ ಒಳಗೆ ಬಂದಳು,
ಅವನ ಸ್ಟೂಲಿನ ಮೇಲೆ ಕೂತಳು:
"ಸದ್ಯ. ನಡುವೆ ಎಬ್ಬಿಸಿಕೊಂಡು ಹೋದರು ಅಂದುಕೊಂಡಿದ್ದೆ."

ಲೇತು ಶನಿವಾರ ಪ್ರೆಸ್ಟನ್ನಿಗೆ ಹೋಗುತ್ತದೆ,
ಗಡಿಯಾರ ರಿಪೇರಿಯ ಹುಡುಗಿಯೊಬ್ಬಳಿಗೆ.
ಅರಗಳು ತೂಕಕ್ಕೆ. ಸ್ಟೂಲು ಕೊಡುವುದಿಲ್ಲವಂತೆ.
ಬಂಡಿಯ ಮುಂದೆ 'ಅಪೂರ್ಣ' ಎಂದು ಬರೆದೆ,
ಈ ಸಲ ಬಾಲವಿಲ್ಲದೆ.
ಅಂಕಿಯ ಜಾಗ ಖಾಲಿ ಬಿಟ್ಟಿದ್ದೇನೆ.

ಬಸ್ಸಿನಲ್ಲಿ ಕೋಟಿನ ಜೇಬಿನೊಳಗೆ ಡಬ್ಬಿಯೊಂದು
ತಿರುವು ಬಂದಾಗಲೆಲ್ಲ ಗಿಲಕಿಯಾಡಿತು.
ಮನೆಗೆ ಬಂದು ಮುಚ್ಚಳ ತೆಗೆದು ದೀಪಕ್ಕೆ ಹಿಡಿದೆ.
ಏನಿದೆಂದು ನನಗೂ ತಿಳಿಯಲಿಲ್ಲ.