ಏಳುವಾಗ ಮಾತ್ರ

ಎರಡು ಸೆಕೆಂಡು. ಅಷ್ಟೇ.
ಕಪ್ಪಾಗುತ್ತದೆ, ಮತ್ತೆ ಬರುತ್ತದೆ,
ಬಂದ ಮೇಲೆ ಏನೂ ಆಗಿಲ್ಲವೆಂಬ ಹಾಗೆ
ಬಿಟ್ಟ ಜಾಗದಲ್ಲೇ ಬಾಣದ ಗುರುತು.
ಲ್ಯಾಪ್‌ಟಾಪಿನ ಸ್ವಂತ ಪರದೆಗೆ ಯಾವ ಕಾಯಿಲೆಯೂ ಇಲ್ಲ,
ವೈರು ಹಿಡಿದು ಆಚೆ ದಾಟಿದ ಚಿತ್ರಕ್ಕೇ ಈ ಬವಳಿ.

ಕಾರವಾರದಲ್ಲಿ ಯಾವುದು ಕೆಟ್ಟರೂ
ಮೊದಲ ಅಪರಾಧಿ ಉಪ್ಪುಗಾಳಿ.
ಬೀಗ, ಫ್ಯಾನು, ಸೈಕಲ್ ಬೆಲ್ಲು, ಮಾವನ ಮೊಣಕಾಲು.
ಕಾಜುಬಾಗದ ನನ್ನ ಅಂಗಡಿಗೆ ಬಂದ ಸಾಂತಾನ
ಕೇಬಲ್ಲಿನ ತುದಿ ಬಿಚ್ಚಿ, ಮೂಸಿ,
"ಉಪ್ಪು" ಎಂದ, ಡಾಕ್ಟರು ಸಕ್ಕರೆ ಎನ್ನುವ ಹಾಗೆ.
ಹಳೇ ಬ್ರಷ್ಷು, ಒಂದು ತೊಟ್ಟು ಸ್ಪಿರಿಟ್ಟು,
ಅದರ ಹತ್ತೊಂಬತ್ತು ಪುಟ್ಟ ಹಲ್ಲು ತಿಕ್ಕಿದ.
ಅಡ್ಡಿಲ್ಲ ಇನ್ನು, ಎಂದ. ಚಾ ಕುಡಿದ. ಎದ್ದ.
ಕಪ್ಪು.

ಆಮೇಲಿನ ನಾಲ್ಕು ದಿನ ನಾನು ಮಾಡದೆ ಬಿಟ್ಟದ್ದು ಯಾವುದು?
ಅರವತ್ತು ಹರ್ಟ್ಸನ್ನು ಐವತ್ತಕ್ಕಿಳಿಸಿದೆ,
ಡ್ರೈವರ್ ಕಿತ್ತು ಮತ್ತೆ ಹಾಕಿದೆ,
ಅಕ್ಕನ ಮನೆ ಟಿವಿಯ ಕೇಬಲ್ ಬಿಚ್ಚಿ ತಂದೆ
(ಧಾರಾವಾಹಿ ತಪ್ಪಿದ ಅವಳ ಅತ್ತೆಯ ಶಾಪ ಬೇರೆ),
ಪಕ್ಕದ ಐಸ್ ಫ್ಯಾಕ್ಟರಿಯ ಮೋಟಾರಿನ ಮೇಲೆ ಗುಮಾನಿ ಬಂದು
ಗಡಿಯಾರ ಎದುರಿಟ್ಟುಕೊಂಡು ಕೂತು ಬರೆದೆ:
೧೧.೧೦, ಮೋಟಾರು ಶುರು. ಪರದೆ ಸರಿ.
೧೧.೪೦, ಮೋಟಾರು ಬಂದ್. ಪರದೆ ಸರಿ.
ಕೂತು ಬರೆದೆನಲ್ಲ,
ಅದೇ ತಪ್ಪಾಯ್ತು.

ಗುರುವಾರ ಶೇವಂತಿಬಾಯಿ ತಾಂಡೇಲ ಬಂದರು
ಬೈತಖೋಲದಿಂದ, ಬುಟ್ಟಿ ಖಾಲಿ ಮಾಡಿ.
ಮೊಮ್ಮಗಳ ಕಬಡ್ಡಿ ತಂಡಕ್ಕೊಂದು ಬ್ಯಾನರು,
ಏಳು ಹುಡುಗಿಯರು, ಏಳಕ್ಕೂ ಒಂದೇ ಸೈಜಿನ ಮೋರೆ ಬೇಕು.
ನನ್ನ ಕುರ್ಚಿಯನ್ನೇ ಎಳೆದು ಕೊಟ್ಟೆ.
ಮುಚ್ಚಿಹೋದ ಫೈನಾನ್ಸ್ ಕಂಪನಿಯ ಹರಾಜಿನದು,
ಕರಿ ರೆಕ್ಸಿನ್, ಐದು ಚಕ್ರ, ಗ್ಯಾಸಿನ ಕಂಬ,
ಕೂತರೆ ನಿಟ್ಟುಸಿರು ಬಿಟ್ಟು ಇಳಿಯುವಂಥದ್ದು.

ಮೂರನೆಯವಳ ಹೆಸರು ತಪ್ಪಿದೆ ಅಂತ
ತೋರಿಸಲು ಎದ್ದರು. ಕಪ್ಪು.
ಕೂತರು. ಏಳು ಮೋರೆಯೂ ವಾಪಸು.
ಎದ್ದರು. ಕಪ್ಪು.
ಚಾಚಿದ ಬೆರಳನ್ನು ಹಿಂದೆ ತಂದು ಸೆರಗಿಗೆ ಒರೆಸಿಕೊಂಡರು,
ಉಗುರಿನ ಸಂದಿಯಲ್ಲಿ ತಾರ್ಲಿಯದೊಂದು ಹುರುಪೆ.

"ಬಸ್ಸಲ್ಲಿ ನಾ ಕೂತ್ರೆ ಬಾಜೂದವ್ರು ಏಳ್ತಾರೆ, ತಮ್ಮಾ.
ನಿನ್ನ ಡಬ್ಬಿ ನಾ ಎದ್ರೆ ಕಣ್ಣು ಮುಚ್ತದೆ.
ವಾಸನೆಗೇ ಇರ್ಬೇಕು. ಅಡ್ಡಿಲ್ಲ,
ನಾ ಬಾಗಿಲಲ್ಲಿ ನಿಂತೇ ಹೇಳ್ತೆ."

ಅಲ್ಲ ಬಾಯೀ, ಅಲ್ಲ, ಎನ್ನುತ್ತಲೇ ಕುರ್ಚಿಯನ್ನು ನೋಡಿದೆ.
ಕೂತೆ. ಎದ್ದೆ. ಕಪ್ಪು.
ಬಸ್ಕಿ ಹೊಡೆಯುವ ಶಾಲೆಹುಡುಗನ ಹಾಗೆ ಕೂತೆ, ಎದ್ದೆ,
ಆರಕ್ಕೆ ಐದು ಸಲ ಕಪ್ಪು.
ಅವರಿಗೆ ನಗು ತಡೆಯಲಿಲ್ಲ.
ಭಾರ ಇಳಿದ ಗಳಿಗೆಗೆ ಕಂಬ ಮೇಲೆ ಚಿಮ್ಮಿ
ಕಾಣದ ಕಿಡಿಯೊಂದನ್ನು ಗಾಳಿಗೆ ಬಿಡುತ್ತಿತ್ತು,
ಮೂರು ಮೊಳ ದೂರದ ಕೇಬಲ್ಲು ಬೆಚ್ಚಿಬೀಳುತ್ತಿತ್ತು.

ಕುರ್ಚಿಯನ್ನು ಹೊರಗೆ ದಬ್ಬಿದೆ. ಈಗದು
ಐಸ್ ಫ್ಯಾಕ್ಟರಿ ವಾಚ್‌ಮನ್ನನದು, ಎಷ್ಟು ಸಲ ಬೇಕಾದರೂ ಏಳಲಿ.
ಶಾಯಿ ಬಾಟಲಿ ಇಡುವ ಮರದ ಸ್ಟೂಲು ಒರೆಸಿ ಕೊಟ್ಟೆ,
ನಾನು ನಿಂತೇ ಕೀ ಒತ್ತಿದೆ.

ಅವರು ಒಳಗೆ ಬಂದಾಗ, ಮೆಲ್ಲಗೆ,
ಟೇಬಲ್ ಫ್ಯಾನಿನ ತಲೆಯನ್ನು
ಅತ್ತ ತಿರುಗಿಸಿದ್ದೆ ನಾನು.
ನೋಡಿದ್ದರೋ ಏನೋ. ಕೇಳಲಿಲ್ಲ. ನಾನೂ ಹೇಳಲಿಲ್ಲ.
ಈಗ ಇತ್ತ ತಿರುಗಿಸಿದೆ.

ಸ್ಟೂಲಿನಿಂದ ಎದ್ದು ಗಾಜಿನ ಮೇಲೇ ಬೆರಳಿಟ್ಟರು.
ಪರದೆ ಅಲುಗಲಿಲ್ಲ.
"ಐದನೇಯವಳ ಮೋರೆ ಸಣ್ಣದಾಯ್ತು," ಎಂದರು.